ಎದ್ದು ಕಾಣುವುದು

ಎದ್ದು ಕಾಣಬೇಕು, ಅಂದಳು ಇಮೋಜೆನ್.
ಮೋರ್ಕಮ್‌ನಲ್ಲಿ, ಮುಚ್ಚಿಹೋದ ಬ್ಯಾಂಕಿನ ಮಹಡಿ ನಮ್ಮ ಆಫೀಸು.
ಕಿಟಕಿಯ ಗಾಜಿಗೆ ಹಳದಿ ಚೀಟಿ ಅಂಟಿಸುತ್ತ,
ಹಿಂದಿದ್ದ ಕೊಲ್ಲಿಯನ್ನು ಒಂದೊಂದೇ ಚೌಕ ಮರೆಮಾಡುತ್ತ
ಮತ್ತೆ ಅಂದಳು: ಉಬ್ಬರ ಇಳಿತ ಹೇಳುವ ಆ್ಯಪುಗಳೇ ನಲವತ್ತಾರು ಇವೆ,
ಎಲ್ಲಕ್ಕೂ ಅದೇ ನೀಲಿ, ಅದೇ ಅಲೆ, ಅದೇ ಲಂಗರು.
ನಮ್ಮದು ಕಣ್ಣಿಗೆ ಹೊಡೆಯಬೇಕು.

ಹೊಡೆಸಿದೆ.
ಕಿತ್ತಳೆ ಬಳಿದೆ. ಏಡಿಯೊಂದನ್ನು ಕೂರಿಸಿದೆ,
ತೆರೆದೊಡನೆ ಇಕ್ಕಳ ಆಡಿಸಿ ಮೂರು ಸುತ್ತು ಕುಣಿಯುವಂಥದ್ದು.
ಗಾಳಿ, ಚಂದ್ರ, ಗೆಳೆಯರ ಪಟ್ಟಿ,
ಏಳು ದಿನ ಬಿಡದೆ ತೆರೆದವರಿಗೆ ಚಿನ್ನದ ಚಿಪ್ಪು.
ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟು ಚೆಂದ.

ಪರೀಕ್ಷೆಗೆ ಐದು ಜನ ಸಾಕು ಅನ್ನುತ್ತದೆ ನಮ್ಮ ಕಸುಬು.
ನಾಲ್ವರು ಕಾಫಿ ಕುಡಿದರು, ಮೆಚ್ಚಿದರು, ಹೋದರು.
ಐದನೆಯವನು ವಿಲ್ಫ್ ಹೆಸ್ಕೆತ್, ಎಪ್ಪತ್ತೊಂದು,
ಇಳಿತದ ಮರಳು ಕೆದರಿ ಕಪ್ಪೆಚಿಪ್ಪು ಆಯುವವನು.
ಬೂಟಿನಲ್ಲಿ ಅರ್ಧ ಕೊಲ್ಲಿಯನ್ನೇ ನಮ್ಮ ಬೂದು ಕಾರ್ಪೆಟ್ಟಿಗೆ ತಂದ.

ಬೆರಳೊತ್ತಿದ. ಏಡಿ ಕದಲಲಿಲ್ಲ.
ಒರೆಸಿಕೊಂಡು ಮತ್ತೆ ಒತ್ತಿದ.
ಐವತ್ತು ವರ್ಷ ಉಪ್ಪುಂಡ ಬೆರಳು
ತುದಿ ಬಿರಿದು, ಗೆರೆ ಸವೆದು, ಮರದ ಹಾಗಾಗಿತ್ತು;
ಫೋನಿಗೆ ಅದು ಬೆರಳೆಂದೇ ಅನ್ನಿಸಲಿಲ್ಲ.
ಕೊನೆಗೆ ಬಗ್ಗಿ ಮೂಗಿನಿಂದ ಒತ್ತಿದ.
ಇನ್ನೊಬ್ಬರ ಕೆಲಸದಲ್ಲಿ ಮೂಗು ತೂರಿಸುವುದು
ಎಂದರೆ ಇದೇ ಇರಬೇಕು.
ಏಡಿ ಕುಣಿಯಿತು.
ಮೂರೂ ಸುತ್ತು ಮುಗಿಯುವ ತನಕ ಮರ್ಯಾದೆಯಿಂದ ಕಾದ,
ಆಮೇಲೆ ಅಂದ:
ಇದು ಕುಣಿದು ಮುಗಿಸೋ ಹೊತ್ತಿಗೆ
ನೀರು ಎಲ್ಲಿರುತ್ತೆ, ಬಾ ತೋರಿಸ್ತೀನಿ.

ಮರುದಿನ ಅವನ ಟ್ರ್ಯಾಕ್ಟರಿನ ಹಿಂದೆ ನಿಂತು ಹೋದೆ.
ಊರು ಒಂದು ಗೀಟಾಯಿತು. ಆಮೇಲೆ ಗೀಟೂ ಇಲ್ಲ.
ಬಿಸಿಲಿಗೆ ನನ್ನ ಕಿತ್ತಳೆ ಬಿಳುಚಿತು,
ಒದ್ದೆ ಗವಸಿಗೆ ಗುಂಡಿಗಳು ಜಾರಿದವು,
ಸರಿ ಮಾಡುತ್ತ ಮಾಡುತ್ತ ನಾನು ತಲೆ ತಗ್ಗಿಸಿಯೇ ಇದ್ದೆ.
ನೀರು ಎದುರಿನಿಂದ ಬರುತ್ತದೆಂದು ನನ್ನ ಎಣಿಕೆ.
ಅದು ಹಿಂದಿನಿಂದ ಬಂತು,
ಕಾಲುವೆ ಬಳಸಿ, ಸದ್ದಿಲ್ಲದೆ,
ಸಾಲ ಕೊಟ್ಟವನು ಹಿತ್ತಲ ಬಾಗಿಲಿಗೆ ಬಂದ ಹಾಗೆ.
ಹಕ್ಕಿಗಳು ಒಮ್ಮೆಲೇ ಎದ್ದವು.
ವಿಲ್ಫ್ ನನ್ನ ರಟ್ಟೆ ಹಿಡಿದು ಎಳೆದ.
ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಆ ರಾತ್ರಿ ಅಳಿಸುತ್ತ ಕೂತೆ.
ಗಾಳಿ ಹೋಯಿತು, ಗೆಳೆಯರು ಹೋದರು, ಚಿನ್ನದ ಚಿಪ್ಪೂ ಹೋಯಿತು.
ಏಡಿಯ ಹತ್ತಿರ ಕೈ ತಡೆಯಿತು;
ಗುಟ್ಟಾಗಿ ಅದಕ್ಕೊಂದು ಹೆಸರಿಟ್ಟಿದ್ದೆ.
ಉಳಿದದ್ದು ಕಪ್ಪು ಪರದೆ, ನಡುವೆ ಒಂದು ಅಂಕಿ:
ದಡಕ್ಕೆ ತಿರುಗಲು ಇನ್ನೆಷ್ಟು ನಿಮಿಷ.
ಇಡೀ ಗಾಜೇ ಗುಂಡಿ. ಮೂಗಾದರೂ ಸರಿ, ಮೊಣಕೈಯಾದರೂ ಸರಿ.
ಹೊತ್ತು ಮೀರುತ್ತಿದ್ದರೆ ಎದೆಜೇಬಿನಲ್ಲಿ ಗುರ್ ಎನ್ನುತ್ತದೆ,
ಬಲೆಗೆ ಬಿದ್ದ ಏಡಿ ಕೆರೆದ ಹಾಗೆ.
ಅಂತೂ ಅದನ್ನು ಪೂರ್ತಿ ಕೊಂದಿಲ್ಲ.

ಎದ್ದು ಕಾಣಬೇಕು ಅಂದಿದ್ದಳು.
ಮನೆಮಾತಿನಲ್ಲಿ ಹೇಳಿಕೊಂಡು ನೋಡಿದೆ:
ಎದ್ದು
ಕಾಣು.
ನಡುವೆ ಒಂದು ಉಸಿರು ಬಿಟ್ಟರೆ
ಅದು ಪರದೆಗೆ ಹೇಳಿದ ಮಾತಲ್ಲ.

ಮೂರು ತಿಂಗಳಾದ ಮೇಲೆ ಇಮೋಜೆನ್ ನಕ್ಷೆ ತೋರಿಸಿದಳು.
ತೆರೆಯುತ್ತಾರೆ, ನಾಲ್ಕು ಸೆಕೆಂಡು, ಮುಚ್ಚುತ್ತಾರೆ.
ಯಾರೂ ನಿಲ್ಲುತ್ತಿಲ್ಲವಲ್ಲ, ಅಂದಳು,
ಜನ ವಾಪಸ್ ಬರಬೇಕು, ಅದೇ ಮುಖ್ಯ.
ಹೌದು, ಅಂದೆ.
ಗಾಜಿನ ಮೇಲಿನ ಚೀಟಿಗಳು ಅಂಟು ಒಣಗಿ ಉದುರಿದ್ದವು.
ಆಚೆ ಮಬ್ಬುಗತ್ತಲ ಮರಳಿನಲ್ಲಿ
ಹಣೆಗೆ ಕಟ್ಟಿದ ದೀಪಗಳು ದಡದತ್ತ ಬರುತ್ತಿದ್ದವು.
ಅವಳು ಮಾತಾಡುತ್ತಲೇ ಇದ್ದಳು, ನಾನು ಎಣಿಸುತ್ತಿದ್ದೆ.
ನಾಲ್ಕು. ಐದು. ಆರು.
ಏಳನೆಯದು ತುಸು ತಡ.