ಹೊಗೆ ಎಷ್ಟು ಬೇಕ್ರಿ?

ವಾಡಿ ಜಂಕ್ಷನ್ನಿನ ಹೊರಗೆ, ಚಹಾದಂಗಡಿಯ ಮೇಲೆ
ಹತ್ತಡಿಯ ಕೋಣೆ, ನನ್ನ ಸ್ಟುಡಿಯೋ.
ಪಾಸ್‌ಪೋರ್ಟ್ ಫೋಟೊ, ಮದುವೆ ಆಲ್ಬಮ್,
ಸತ್ತವರ ಕೊರಳಿಗೆ ಗಂಧದ ಹಾರ.
ಕಿಟಕಿ ತೆರೆದರೆ ಸಿಮೆಂಟಿನ ದೂಳು,
ಮುಚ್ಚಿದರೂ ಗೂಡ್ಸ್ ಗಾಡಿಯ ಸದ್ದು.

ನಾಲವಾರದ ಗುರುಲಿಂಗಪ್ಪ, ರಿಟೈರ್ಡ್ ಗಾರ್ಡ್,
ಲಕೋಟೆಯಿಂದ ತೆಗೆದದ್ದು ಒಂದೇ ಪಟ:
ಅರವತ್ತೆರಡನೇ ಇಸವಿ, ಚಳಿಗಾಲದ ಬೆಳಗು,
ಶೆಡ್ಡಿನ ಮುಂದೆ ಉಗಿಬಂಡಿ,
ಅದರ ಮೂತಿಗೆ ಆತು ನಿಂತ ಆರು ಜನ.
"ಪುಸ್ತಕಕ್ಕ ಹಾಕಬೇಕು. ಗೋಡಿಗೂ ಹಚ್ಚತೀವಿ, ಆಳೆತ್ತರ.
ಹೊಗಿನೇ ಇಲ್ಲ ನೋಡು ಇದರಾಗ. ಹೊಗಿ ಹಾಕು."

ಹೊಗೆ ಎಷ್ಟು ಬೇಕ್ರಿ, ಕೇಳಿದೆ,
ಸಾರಿಗೆ ಉಪ್ಪು ಎಷ್ಟು ಎಂಬಂತೆ.

ಹೊಗೆ ಸುಲಭ. ನನ್ನ ಬಳಿ ಹದಿನೇಳು ಥರದ್ದಿದೆ,
ಯಾವ ದೇಶದ ಯಾವ ಚಿಮಣಿಯದೋ.
ಒಂದನ್ನು ತಂದು ಅಂಟಿಸಿದೆ.
ಆದರೆ ಬಂಡಿ ತಣ್ಣಗಿತ್ತು ಅವತ್ತು,
ಬಾಯ್ಲರ್ ತೊಳೆಯುವ ದಿನ, ಮುಂದಿನ ಬಾಗಿಲು ತೆರೆದೇ ಇದೆ.
ಒಲೆ ಹಚ್ಚದ ಮನೆಯಿಂದ ಹೊಗೆ ಎದ್ದರೆ
ನೆರೆಯವರು ಕೊಡ ಹಿಡಿದು ಓಡಿ ಬರುತ್ತಾರೆ.
ಬಲ್ಲವರು ನೋಡಿದರೆ ನಗುತ್ತಾರೆ;
ಬಲ್ಲವರು ಈಗ ಎಷ್ಟು ಜನ ಉಳಿದಾರು, ಎಂದುಕೊಂಡೆ.
ಆ ಲೆಕ್ಕಕ್ಕೇ ನನಗೆ ನಾಚಿಕೆಯಾದದ್ದು.

"ಮತ್ತ ಆ ಹೆಣ್ಣುಮಗಳು, ಎಡಕ್ಕ. ಆಕಿಗಿ ತೆಗಿ."

ಹಳಿಗಳ ನಡುವೆ ಕುಕ್ಕರುಗಾಲಲ್ಲಿ ಕೂತು
ಬೂದಿಯೊಳಗಿನ ಅರೆಬೆಂದ ಕಲ್ಲಿದ್ದಲು ಆರಿಸುವವಳು.
ಪಕ್ಕದಲ್ಲಿ ಪುಟ್ಟಿ, ಬಾಯಲ್ಲಿ ಸೆರಗು.
ಕ್ಯಾಮೆರಾ ತನಗಾಗಿ ಬಂದದ್ದಲ್ಲವೆಂದು ಬಲ್ಲವಳು,
ಇಡೀ ಪಟದಲ್ಲಿ ಅವಳೊಬ್ಬಳೇ
ಕೆಲಸ ಮಾಡುತ್ತಿದ್ದಾಳೆ.

ತೆಗೆದೆ. ಸುಳ್ಳೇಕೆ, ತೆಗೆದೆ.
ನಾಲ್ಕು ನಿಮಿಷ. ಪಕ್ಕದ ಜಲ್ಲಿಯನ್ನೇ ಎತ್ತಿ ಅವಳ ಮೇಲೆ ಸುರಿದೆ.
ಪುಟ್ಟಿ ಹೋಯಿತು, ಬೆನ್ನು ಹೋಯಿತು, ಕೈ ಹೋಯಿತು.
ರಾತ್ರಿ ದೊಡ್ಡದು ಮಾಡಿ ನೋಡಿದರೆ
ನೆರಳು ಉಳಿದಿತ್ತು, ಹಳಿಯ ಮೇಲೆ ಮಡಚಿಕೊಂಡು,
ಯಾರದೂ ಅಲ್ಲದ ನೆರಳು.

ಇದೇ ಕುರ್ಚಿಯಲ್ಲಿ ಕೂತು ಇಸ್ಮಾಯಿಲ್ ಚಾಚಾ
ಸೂಜಿಮೊನೆಯ ಪೆನ್ಸಿಲ್ಲಿನಿಂದ ನೆಗೆಟಿವ್ ಮೇಲೆ
ಸಿಡುಬಿನ ಕಲೆ ತುಂಬುತ್ತಿದ್ದರು, ವರ ನೋಡುವ ಪಟಗಳಿಗೆ.
ಆಮೇಲೆ ವಹಿಯಲ್ಲಿ, ಹೆಸರಿನ ಮುಂದೆ, ಎರಡು ಮಾತು:
ಕೈ ಆಡಿಸಿದೆ.
ಯಾರೂ ಕೇಳಿರಲಿಲ್ಲ. ಯಾರೂ ಓದಲೂ ಇಲ್ಲ, ನನ್ನ ಹೊರತು.

ನೆರಳಿಗೆ ಅವಳನ್ನು ಮರಳಿಸಿದೆ.
ಹೊಗೆಯನ್ನು ಅದರ ದೇಶಕ್ಕೆ ಕಳಿಸಿದೆ.
ಆಕಾಶದಲ್ಲಿ ಒಂದು ಚುಕ್ಕೆ, ದೂಳೋ ಹದ್ದೋ,
ತಿಳಿಯದೆ ಹಾಗೇ ಬಿಟ್ಟೆ.

ಇಲ್ಲಿಗೆ ಮುಗಿದಿದ್ದರೆ ನಾನು ಒಳ್ಳೆಯವ.

ಮರುದಿನ ಚಿತ್ತಾಪುರದ ಫರ್ಜಾನಾ ಟೀಚರ್,
ಕೈಯಲ್ಲಿ ರೇಷನ್ ಕಾರ್ಡಿನಿಂದ ಕಿತ್ತ ಮುಖ.
"ನಮ್ಮ ಅಜ್ಜ ಚಾಂದ್‌ಪಾಷಾ, ಅದೇ ಶೆಡ್ಡಿನಾಗ ಫೈರ್‌ಮನ್.
ಅವತ್ತ ರಾಯಚೂರಿಗಿ ಡ್ಯೂಟಿ ಮ್ಯಾಲ ಹೋಗಿದ್ದರು.
ಜೀವ ಇರೋತನ ಅದನ್ನೇ ಹಲುಬಿದರು, ಪಟದಾಗ ನಾ ಇಲ್ಲ ಅಂತ.
ಏಳನೇದವರಾಗಿ ನಿಲ್ಲಿಸ್ರಿ. ಯಾರಿಗಿ ಏನು ನಷ್ಟ?"

ಅಂದೆ: ಆರು ಜನ ನಿಂತು ಪಟ ತೆಗೆಸಿಕೊಳ್ಳುವಾಗ
ಗಾಡಿ ಓಡಿಸಿದವರು ಅವರು;
ಅಲ್ಲಿ ಇಲ್ಲದಿರುವುದೇ ಅವರ ಗುರುತು.
ಆಕೆ ನಕ್ಕಳು, ಕಣ್ಣು ನಗದೆ.
"ಮಾತು ಚಂದ ಅದ. ಗೋಡಿ ಮ್ಯಾಲ ಮಾತು ಕಾಣಂಗಿಲ್ಲ."

ಗುರುಲಿಂಗಪ್ಪ ಬಂದು ಕನ್ನಡಕ ಏರಿಸಿದರು.
"ಹೊಗಿ ಎಲ್ಲಿ?"
ಅವತ್ತು ಒಲೆ ಹಚ್ಚಿರಲಿಲ್ರಿ.
ಅವರ ಬೆರಳು ತೆರೆದ ಬಾಗಿಲ ಮೇಲೆ ನಿಂತಿತು. "ಖರೆ," ಅಂದರು.
ಬೆರಳು ಎಡಕ್ಕೆ ಸರಿಯಿತು, ಪುಟ್ಟಿಯವರೆಗೆ.
ಏನೂ ಅನ್ನಲಿಲ್ಲ.
ಅರ್ಧ ದುಡ್ಡು ಕೊಟ್ಟು ಮೆಟ್ಟಿಲಿಳಿದರು.

ಚಾಂದ್‌ಪಾಷಾ ಇನ್ನೂ ನನ್ನ ಮೇಜಿನ ಗಾಜಿನ ಕೆಳಗಿದ್ದಾರೆ.
ಆರನೆಯವನ ಬಲಕ್ಕೆ, ಬಂಡಿಯ ಚಕ್ರದ ಹತ್ತಿರ,
ಸಣ್ಣ ಮೈಯ ಒಬ್ಬ ಮನುಷ್ಯ ನಿಲ್ಲುವಷ್ಟು
ಜಾಗ ಇದೆ.
ಅಂಗಡಿ ಮುಚ್ಚುವ ಮುಂಚೆ
ದಿನವೂ ಒಮ್ಮೆ ಅಳೆಯುತ್ತೇನೆ.