ಹೂದಾನಿಯ ನೀರು

ಜಿರಳೆಗೆಂದು ನನ್ನ ಬಳಿ ಗಾಜಿನ ಲೋಟವಿದೆ,
ಹಳೆಯದೊಂದು ಕರೆಂಟು ಬಿಲ್ಲೂ ಇದೆ.
ಲೋಟ ಕವುಚಿ, ಬಿಲ್ಲನ್ನು ಅಡಿಗೆ ತೂರಿಸಿ
ಗೇಟಿನಾಚೆ ಹಲಸಿನ ಬುಡಕ್ಕೆ ಬಿಟ್ಟು ಬರುತ್ತೇನೆ.
ನೀನು ಚಪ್ಪಲಿ ಕಳಚುವಷ್ಟರಲ್ಲಿ
ಅದು ಒಳಗೆ ಬಂದು ಕೂತಿರುತ್ತದೆ, ಅನ್ನುತ್ತಿದ್ದರು ಇವರು,
ಬದುಕಿದ್ದಾಗ.
ಇರಬಹುದು. ಮೀಸೆ ನೋಡಿ ಗುರುತು ಹಿಡಿಯಲು
ನನಗೆ ಬರುವುದಿಲ್ಲ.

ಸಕ್ಕರೆ ಬೀರುವಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು.
ಮೊದಲ ವರ್ಷ ಇರುವೆಗಳು ತೇಲುತ್ತಿದ್ದವು
ಎಳ್ಳು ಚೆಲ್ಲಿದ ಹಾಗೆ.
ಆಮೇಲೆ ಅಂಚಿಗೊಂದು ತೆಂಗಿನ ಕಡ್ಡಿ ಒರಗಿಸಿದೆ,
ಬೀರುವಿನ ಕಾಲಿಗೆ ತಾಗದಂತೆ,
ಬಿದ್ದವರು ಬಂದ ದಾರಿಗೇ ಹತ್ತಿಕೊಳ್ಳಲಿ ಎಂದು.
ನಲವತ್ತು ವರ್ಷ ಶಾಲೆಯ ಬಿಳಿ ಬಟ್ಟೆ ಹೊಲಿದವಳು ನಾನು;
ಅರ್ಧ ಇಂಚಿನ ಬೆಲೆ ಗೊತ್ತು.

ಹೀಗೆ ನಡೆದಿತ್ತು ಪಿಲಿಯಂದಲದ ಈ ಎರಡು ಕೋಣೆಯಲ್ಲಿ
ಮೊದಲನೆಯ ಶೀಲ.

ವೆಸಾಕ್ ಕಳೆದ ವಾರ ನೆತ್ಮಿಗೆ ಜ್ವರ.
ಕಣ್ಣಿನ ಹಿಂದೆ ನೋವು ಆಚ್ಚಿ, ಅಂದಳು.
ಆಸ್ಪತ್ರೆಯ ಹುಡುಗಿ ದಿನಕ್ಕೆರಡು ಸಲ ರಕ್ತ ಎಳೆದು
ಪ್ಲೇಟ್‌ಲೆಟ್ಟಿನ ಲೆಕ್ಕ ಚೀಟಿಯಲ್ಲಿ ಬರೆದಳು:
ತೊಂಬತ್ತು ಸಾವಿರ. ಅರವತ್ತು. ಮೂವತ್ತೊಂದು.
ಮಣಿ ಎಣಿಸುವ ರೂಢಿ ನನಗಿಲ್ಲ.
ಆ ವಾರ ಅದನ್ನೇ ಎಣಿಸಿದೆ.

ಮಗು ವಾರ್ಡಿನಲ್ಲಿರುವಾಗಲೇ ಬಂದ ಇನ್ಸ್‌ಪೆಕ್ಟರ್ ರತ್ನತಿಲಕ,
ಕೈಯಲ್ಲಿ ಟಾರ್ಚು, ಉದ್ದ ಹಿಡಿಯ ಸೌಟು,
ಮಣಿಕಟ್ಟಿಗೆ ಪಿರಿತ್ ದಾರ, ನನ್ನದರಷ್ಟೇ ಮಾಸಿದ್ದು.
ಚಿಪ್ಪು, ಟಯರು, ಫ್ರಿಜ್ಜಿನ ಹಿಂದಿನ ತಟ್ಟೆ, ಎಲ್ಲ ಒಣಗಿತ್ತು.
ಬಟ್ಟಲಿಗೆ ಉಪ್ಪು?
ಹಾಕಿದ್ದೇನೆ.
ಹೊರಡುವ ಮುನ್ನ ಬುದ್ಧನ ಮುಂದೆ ನಿಂತ.
ಮುಗಿಯಲು ಎತ್ತಿದ ಕೈ ಅರ್ಧಕ್ಕೇ ನಿಂತಿತು.

ಹೂದಾನಿ.
ಆಸ್ಪತ್ರೆಯ ಓಡಾಟದಲ್ಲಿ ಎಂಟು ದಿನವಾಗಿತ್ತು ನೀರು ಬದಲಿಸಿ.
ಟಾರ್ಚು ಹಿಡಿದರೆ, ಒಳಗೆ
ನೂರಾರು ಅಲ್ಪವಿರಾಮಗಳು,
ಕೊಂಕುತ್ತ, ಬಾಗುತ್ತ, ಉಸಿರಿಗೆ ಮೇಲೆ ಬಂದು ಮತ್ತೆ ಮುಳುಗುತ್ತ,
ನಾನು ಅರ್ಪಿಸಿದ ನೈದಿಲೆಯ ಕೊಳೆತ ದಂಟಿನಲ್ಲಿ ಬೆಳೆದವರು.

ಕೊಡಿ, ನಾನು ಸುರಿಯುತ್ತೇನೆ, ಅಂದ.
ನನಗೆ ಅಭ್ಯಾಸವಾಗಿದೆ.

ಮೋರಿಗೆ ಸುರಿದರೆ ಪಕ್ಕದ ಮನೆಯ ಮಗು.
ಕೊಳಕ್ಕೆ ಸುರಿದರೆ, ಮೀನಿನ ಬಾಯಿ ಬಾಡಿಗೆಗೆ ಪಡೆದಂತೆ.
ಅವನ ಕೈಗೆ ಕೊಟ್ಟು ನನ್ನ ಕೈ ಬೆಳ್ಳಗಿಟ್ಟುಕೊಂಡರೆ
ಕಲೆಯನ್ನು ಒಳಮಡಿಕೆಗೆ ಸೇರಿಸಿ ಹೊಲಿದಂತೆ.

ಅಂಗಳದ ಸಿಮೆಂಟು ಹನ್ನೊಂದರ ಬಿಸಿಲಿಗೆ ಕಾದಿತ್ತು.
ಸುರಿದೆ.
ಒದ್ದೆಯ ಕಪ್ಪು ನಕಾಶೆಯೊಂದು ಹರಡಿ,
ಅಂಚಿನಿಂದ ಒಳಕ್ಕೆ ಕುಗ್ಗುತ್ತ ಬಂತು.
ಪೂರ್ತಿ ಆರುವವರೆಗೂ ನಿಂತೆ. ಅವನೂ ಟೋಪಿ ತೆಗೆದು ನಿಂತ.
ಕ್ಷಮೆ ಕೇಳಲಿಲ್ಲ;
ಕೊಡಬೇಕಾದವರು ಅಲ್ಲೇ ಒಣಗುತ್ತಿದ್ದರು.

ದಂಡದ ಪುಸ್ತಕ ತೆಗೆದವನು ಮತ್ತೆ ಚೀಲಕ್ಕೆ ಹಾಕಿದ.
ಬರೆಯಪ್ಪಾ, ಅಂದೆ.
ಬರೆದ.

ಈಗ ನಸುಕಿನ ಮೊದಲ ಕೆಲಸ ಅದೇ:
ನೀರು ಚೆಲ್ಲಿ, ಹೂದಾನಿಯ ಒಳಗೋಡೆಯನ್ನು
ತೆಂಗಿನ ನಾರಿನಲ್ಲಿ ತಿಕ್ಕುವುದು, ಯಾರೂ ಹುಟ್ಟುವ ಮೊದಲೇ.
ಹುಟ್ಟು ದುಃಖವೆಂದು ಏಳನೇ ವಯಸ್ಸಿನಿಂದ ಬಾಯಿಪಾಠ.
ಅದು ನಾರು ಹಿಡಿದು ತಿಕ್ಕುವ ಕೆಲಸವೆಂದು
ಯಾವ ಹಾಮುದುರುವೂ ಹೇಳಿರಲಿಲ್ಲ.

ನೆತ್ಮಿ ಮನೆಗೆ ಬಂದಿದ್ದಾಳೆ, ಬಳೆ ಮೊಣಕೈವರೆಗೂ ಜಾರುತ್ತದೆ.
ನಿನ್ನೆ ಮಧ್ಯಾಹ್ನ ಅವಳು ಮಲಗಿದ್ದಾಗ
ನನ್ನ ತೋಳಿನ ಮೇಲೆ ಬಂದು ಕೂತಿತು, ಪಟ್ಟೆ ಕಾಲಿನದು.
ಹೆಣ್ಣು. ಮೊಟ್ಟೆಗಾಗಿ ಕುಡಿಯುವವಳು.
ಎತ್ತಿದ ಅಂಗೈ ಎಷ್ಟು ಹೊತ್ತು ಗಾಳಿಯಲ್ಲಿತ್ತೋ.

ಊದಿದೆ.
ಎತ್ತ ಹೋಯಿತೋ ಕಾಣಲಿಲ್ಲ.
ಎದ್ದು, ಮಗುವಿನ ಸೊಳ್ಳೆಪರದೆಯ ಅಂಚನ್ನು
ಹಾಸಿಗೆಯಡಿಗೆ ಮತ್ತೊಂದು ಸುತ್ತು ಒತ್ತಿ ಬಂದೆ,
ಅರ್ಧ ಇಂಚೂ ಬಿಡದೆ.