ಕಿವಿಗೊಟ್ಟವನು

ಹಾಡು ಕೇಳಬೇಡಿ, ನೆನಪಿಲ್ಲ.
ತೂಕ ಕೇಳಿ, ಹೇಳುತ್ತೇನೆ.

ಪೋರ್ಟ್ ಕೆಂಬ್ಲಾದ ಕಲಿಯರಿ ಹೋಟೆಲಿನ ಹಿಂಬಾಗಿಲಿಗೆ
ಹದಿನಾಲ್ಕು ಮೆಟ್ಟಿಲು, ಒಂಬತ್ತನೆಯದು ಸಡಿಲ.
'ಟಿನ್ ವರಾಂಡಾ'ದವರ ಬೇಸ್ ಪೆಟ್ಟಿಗೆಗೆ
ಇಬ್ಬರು ಆಳು, ಮೂರನೆಯವನ ಬೈಗುಳ ಬೇಕು.
'ಮಂಡೇ ಪಿಕೆಟ್'ನವರ ಆರ್ಗನ್ನು
ಯಾವುದೋ ಚರ್ಚಿನಿಂದ ಕೊಂಡದ್ದು, ಹೆಣಭಾರ.
ಎತ್ತಿದಾಗೆಲ್ಲ ಒಳಗೆ ಏನೋ ಉರುಳುತ್ತಿತ್ತು,
ಮೇಣದಬತ್ತಿಯ ತುಂಡಿರಬೇಕು.
ಬಿಚ್ಚಿ ನೋಡಲು ಯಾರಿಗೂ ಪುರುಸೊತ್ತಾಗಲಿಲ್ಲ.
'ನೆಲ್ಲಿ ಅಂಡ್ ದ ಫರ್ನೇಸಸ್' ಹಗುರ,
ಅವರ ಅರ್ಧ ಸಾಮಾನು ಅಡವಿನಂಗಡಿಯಲ್ಲಿತ್ತು.

ಎಪ್ಪತ್ತೆಂಟನೆಯ ಇಸವಿ.
ಉಕ್ಕಿನ ಕಾರ್ಖಾನೆಯ ಹಗಲು ಪಾಳಿ ಮುಗಿಸಿ
ರೆಪ್ಪೆಯಲ್ಲೂ ಕೆಂಧೂಳಿನ ಜನ ಬರುತ್ತಿದ್ದರು
ಬಿಯರಿಗೆ, ಬಿಸಿ ಪೈಗೆ,
ಹತ್ತೂವರೆಗೆ ಸಿಡ್ನಿಯಿಂದ ಇಳಿಯುವ ದೊಡ್ಡ ಹೆಸರಿಗೆ.
ನಮ್ಮವರದು ಎಂಟಕ್ಕೆ.
ಎಲೆತುದಿಗೆ ಮೊದಲು ಬಡಿಸುವ ಉಪ್ಪು:
ಇರಲೇಬೇಕು,
ಅದಕ್ಕೆಂದು ಯಾರೂ ಊಟಕ್ಕೆ ಬರುವುದಿಲ್ಲ.

ಲೊರೇನ್ ಕವಾನಾ ಕಣ್ಣು ಮುಚ್ಚಿ ಹಾಡುತ್ತಿದ್ದಳು.
ಭಾವ ಉಕ್ಕಿ ಅಲ್ಲ,
ಎದುರುಗೋಡೆಯ ಗಡಿಯಾರ ಕಾಣಬಾರದೆಂದು.
ಇಪ್ಪತ್ತೈದು ನಿಮಿಷ ಅವರ ಪಾಲು,
ಇಪ್ಪತ್ತಾರಕ್ಕೆ ಮಾಲೀಕ ಪ್ಲಗ್ಗು ಕೀಳುತ್ತಿದ್ದ.
ಝಿವ್ಕೋನ ಗಿಟಾರಿಗೆ ಐದೇ ತಂತಿ.
ಆರನೆಯದು ಸಂಬಳದ ದಿನ ಬರುತ್ತೆ ಅನ್ನುತ್ತಿದ್ದ.
ಬಂತು. ಐದಕ್ಕೇ ಒಗ್ಗಿದ ಬೆರಳು
ಎಡವಿ ಎಡವಿ ಬಿತ್ತು. ಬಿಚ್ಚಿಟ್ಟ.

ಅಂಥದೊಂದು ಶುಕ್ರವಾರ
'ಟಿನ್ ವರಾಂಡಾ' ಕೊನೆಯ ಹಾಡಿಗೆ ಬಂದಾಗ
ಇಡೀ ಕೋಣೆ ಬಾರಿನ ಕಡೆ ಮುಖ ಮಾಡಿ ನಿಂತಿತ್ತು.
ಯಾರೂ ಕಿವಿಗೊಡಲಿಲ್ಲ.
ನಾನು ಕೊಟ್ಟೆ.
ಬಲಗಿವಿ.
ಸ್ಪೀಕರು ಅದುರಿ ಅದುರಿ ಅಂಚಿಗೆ ಜಾರುತ್ತಿತ್ತು.
ಬೀಳದಂತೆ ಭುಜ ಕೊಟ್ಟು ಕೆನ್ನೆ ಒತ್ತಿ ನಿಂತಿದ್ದೆ,
ಹಸುವಿನ ಹೊಟ್ಟೆಗೆ ತಲೆಯಾನಿಸಿ ಹಾಲು ಕರೆಯುವವನ ಹಾಗೆ.
ಲೊರೇನ್ ಒಂದು ಸ್ವರ ಎತ್ತಿದಳು,
ಝಿವ್ಕೋ ಅದರ ಬೆನ್ನು ಹತ್ತಿದ,
ಎಲ್ಲೋ ಮೇಲೆ ಎರಡೂ ಕೂಡಿ
ಸಣ್ಣಗಾಗಿ, ಇನ್ನೂ ಸಣ್ಣಗಾಗಿ, ಸೂಜಿಯಾಗಿ

ಮಾಲೀಕ ಪ್ಲಗ್ಗು ಕಿತ್ತ.
ಎಲ್ಲರಿಗೂ ನಿಂತಿತು.
ನನಗೆ ನಿಲ್ಲಲಿಲ್ಲ.

ರೆಕಾರ್ಡು ಒಂದು ಆಯಿತು, ಇನ್ನೂರೈವತ್ತು ಪ್ರತಿ.
ಆ ಹಾಡು ಅದರಲ್ಲಿ ಇರಲೂ ಇಲ್ಲ.
ಚಿಕ್ಕಪ್ಪನ ತಗಡಿನ ಶೆಡ್ಡಿನಲ್ಲಿಟ್ಟು
ಒಂದು ಜನವರಿ ಕಳೆದು ತೆಗೆದರೆ
ಹಪ್ಪಳ. ಕರಿದ ಹಪ್ಪಳದ ಕಟ್ಟು.
ಒಂದನ್ನು ಲೊರೇನ್ ಇನ್ನಷ್ಟು ಬಗ್ಗಿಸಿ
ಪಾರ್ಸ್ಲಿ ಬೆಳೆದಳು, ಕೆಳಗೆ ತೂತು ಹೇಗೂ ಇತ್ತಲ್ಲ.

ಹೋಟೆಲು ಈಗ ಟೈಲ್ಸ್ ಅಂಗಡಿ.
ಒಂಬತ್ತನೆಯ ಮೆಟ್ಟಿಲನ್ನು ಯಾರೋ ಸರಿಮಾಡಿದ್ದಾರೆ,
ಅದಕ್ಕೇ ಎಡವಿದೆ.
ಕೌಂಟರಿನ ಹುಡುಗನಿಗೆ ಹೆಸರು ಹೇಳಿ ನೋಡಿದೆ: ಟಿನ್ ವರಾಂಡಾ?
ತಗಡಿನದು ನಾವು ಇಡೋದಿಲ್ಲ ಸಾರ್, ಅಂದ.
ಝಿವ್ಕೋ ಮಣ್ಣಾಗಿ ಹನ್ನೊಂದು ವರ್ಷ.
ಲೊರೇನ್ ಉತ್ತರಕ್ಕೆಲ್ಲೋ, ಕೇರ್ನ್ಸ್ ಅಂತಾರೆ, ಇರಬಹುದು.

ಕಳೆದ ತಿಂಗಳು ವುಲಂಗಾಂಗಿನಲ್ಲಿ
ಮಿಸ್ ಪಪ್ಪಾಸ್ ನನ್ನನ್ನು ಸದ್ದಿಲ್ಲದ ಪೆಟ್ಟಿಗೆಯೊಳಗೆ ಕೂರಿಸಿ
ಕಾಗದದ ಮೇಲೆ ಗೆರೆ ಎಳೆದಳು.
ಸಪಾಟಾಗಿ ನಡೆದು ಬಂದ ಗೆರೆ
ನಾಲ್ಕು ಸಾವಿರದ ಹತ್ತಿರ ಬಾವಿಗೆ ಬಿದ್ದಿತ್ತು.
ಗುಂಯ್ ಅನ್ನುತ್ತಾ?
ಇಲ್ಲ, ಹಾಡುತ್ತೆ.
ಯಾವಾಗಿನಿಂದ?
ಎಂಟು ಇಪ್ಪತ್ತಾರರಿಂದ.
ಅವಳು ಬರೆದುಕೊಳ್ಳಲಿಲ್ಲ.

ಯಂತ್ರ ಕೊಟ್ಟಿದ್ದಾಳೆ, ಹುಣಿಸೆಬೀಜದಷ್ಟು.
ಆ ಸ್ವರ ಮುಳುಗಲೆಂದು
ಅದರೊಳಗೆ ಸಮುದ್ರ ತುಂಬಿದ್ದಾಳೆ.
ಹಗಲೆಲ್ಲ ಹಾಕಿರುತ್ತೇನೆ. ಒಳ್ಳೆಯ ಸಮುದ್ರವೇ.
ಬಾಗಿಲಾಚೆ ಮೊಮ್ಮಗಳು ತಪ್ಪು ತಪ್ಪಾಗಿ
ಇಪ್ಪತ್ತರವರೆಗೆ ಎಣಿಸುವುದೂ ಕೇಳುತ್ತದೆ.

ರಾತ್ರಿ ಅದನ್ನು ತೆಗೆದು
ನೀರಿನ ಲೋಟದ ಪಕ್ಕ ಇಟ್ಟು
ಬಲಗೆನ್ನೆಯನ್ನು ದಿಂಬಿಗೆ ಒತ್ತುತ್ತೇನೆ.
ಜನ ಬೆನ್ನು ತಿರುಗಿಸಿದ್ದಾರೆ.
ಪೆಟ್ಟಿಗೆ ಜಾರುತ್ತಿದೆ.
ಭುಜ ಕೊಡುತ್ತೇನೆ.